ಠಾಣೆ, ಲಾಠಿ ಮತ್ತು ನಮ್ಮ ಸ್ವಾತಂತ್ರ್ಯ: ಬೆಂಗಳೂರಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಬಡಾವಣೆಯ ಸಭೆಗಳಲ್ಲಿ, ಕಾಲೇಜುಗಳಲ್ಲಿ ಪೊಲೀಸರ ಬಗ್ಗೆ, ಕಾನೂನಿನ ಬಗ್ಗೆ ಮಾತಾಡಿದಾಗೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಓದುಗರ ಪತ್ರಗಳಲ್ಲೂ ಅವೇ. ಕೆಲವರು ಸಿಟ್ಟಿನಿಂದ ಕೇಳುತ್ತಾರೆ, ಕೆಲವರು ಹೆದರಿ ಕೇಳುತ್ತಾರೆ, ಇನ್ನು ಕೆಲವರು ನಾನು ಯಾವ ಪಕ್ಷದವನೆಂದು ತಿಳಿಯುವುದಕ್ಕಷ್ಟೇ ಕೇಳುತ್ತಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಜಗಳದ್ದು ಆಮೇಲೆ.

## ಮೊದಲ ಮಾತು

ಪೊಲೀಸ್ ಸುಧಾರಣೆ ಅಂದ್ರೆ ಹೊಸ ಜೀಪು, ಹೊಸ ಟೋಪಿ ತಾನೇ?

ಟೋಪಿಯಂತೂ ಬದಲಾಯಿತು. ದಶಕಗಳಿಂದ ಕರ್ನಾಟಕದ ಕಾನ್‌ಸ್ಟೆಬಲ್‌ಗಳ ತಲೆ ಮೇಲಿದ್ದ ಸ್ಲೌಚ್ ಹ್ಯಾಟ್ 2025ರಲ್ಲಿ ಹೋಗಿ ಪೀಕ್ ಕ್ಯಾಪ್ ಬಂತು. ಹಾಕಿಕೊಳ್ಳುವವರಿಗೆ ಅನುಕೂಲವಾದರೆ ಸಂತೋಷ. ಸುಧಾರಣೆ ಅಂದಾಗ ಕೇಳಬೇಕಾದ್ದು ಬೇರೆಯೇ ಇದೆ. ಇನ್‌ಸ್ಪೆಕ್ಟರನ್ನು ಠಾಣೆಗೆ ಹಾಕುವವರು ಯಾರು, ಎತ್ತಂಗಡಿ ಮಾಡುವವರು ಯಾರು? ಪೊಲೀಸರು ತಪ್ಪು ಮಾಡಿದರೆ ವಿಚಾರಿಸುವವರು ಪೊಲೀಸರೇನಾ, ಹೊರಗಿನವರಾ? ತನಿಖಾಧಿಕಾರಿಗೆ ಬಂದೋಬಸ್ತ್ ಡ್ಯೂಟಿಯ ನಡುವೆ ತನಿಖೆಗೆ ಪುರುಸೊತ್ತು ಸಿಗುತ್ತದಾ? ಠಾಣೆಯೊಳಗೆ ನಡೆದದ್ದಕ್ಕೆ ಕಾಗದದ ಗುರುತು ಉಳಿಯುತ್ತದಾ? ಇವು ಬದಲಾಗದಿದ್ದರೆ ಜೀಪು ಹೊಸದಾದರೇನು, ಹಳೆಯದಾದರೇನು.

ಬೆಂಗಳೂರು ಪೊಲೀಸರು ಯಾರ ಕೈಕೆಳಗೆ? ದೆಹಲಿಗೋ, ವಿಧಾನಸೌಧಕ್ಕೋ, ಪಾಲಿಕೆಗೋ?

ವಿಧಾನಸೌಧಕ್ಕೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ರಾಜ್ಯಪಟ್ಟಿಯ ವಿಷಯ. ನಿಮ್ಮ ಕಾರ್ಪೊರೇಟರ್‌ಗೆ ಠಾಣೆಯ ಮೇಲೆ ಕಾನೂನಿನಲ್ಲಿ ಯಾವ ಅಧಿಕಾರವೂ ಇಲ್ಲ. ಫೋನ್ ಮಾಡುವ ಅಭ್ಯಾಸ ಇರುತ್ತದೆ, ಅದು ಬೇರೆ.

ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಜಿಲ್ಲೆಗಳಲ್ಲಿ ನಿಷೇಧಾಜ್ಞೆ ಹೊರಡಿಸುವವರು ಸಾಮಾನ್ಯವಾಗಿ ಜಿಲ್ಲಾಧಿಕಾರಿ, ಅದನ್ನು ಜಾರಿ ಮಾಡುವವರು ಪೊಲೀಸರು. ಬೆಂಗಳೂರಿನಲ್ಲಿ 1963ರಿಂದ ಕಮಿಷನರ್ ವ್ಯವಸ್ಥೆ ಇದೆ. ಇಲ್ಲಿ ಕಮಿಷನರಿಗೇ ಮ್ಯಾಜಿಸ್ಟ್ರೇಟ್ ಅಧಿಕಾರ. ಐದು ಜನ ಸೇರಬಾರದು ಎಂದು ಆದೇಶ ಮಾಡುವವರೂ ಅವರೇ, ಸೇರಿದವರನ್ನು ವ್ಯಾನಿಗೆ ಹತ್ತಿಸುವವರೂ ಅವರ ಕೈಕೆಳಗಿನವರೇ. ದೊಡ್ಡ ಊರಿನಲ್ಲಿ ನಿರ್ಧಾರ ಬೇಗ ಆಗಬೇಕು ಎಂಬುದು ಇದಕ್ಕೆ ಕೊಡುವ ಕಾರಣ. ಆ ಕಾರಣದಲ್ಲಿ ಹುರುಳಿದೆ. ಆದರೆ ನಡುವೆ ನಿಂತು "ಇದು ಬೇಕಾ?" ಎಂದು ಕೇಳುವ ಇನ್ನೊಂದು ಕಚೇರಿಯೇ ಇಲ್ಲವಾಗಿದೆ, ಅದೂ ನಿಜ.

ನಾನು ಕಾನೂನು ಪಾಲಿಸೋನು. ನನಗ್ಯಾಕೆ ಇದೆಲ್ಲ?

2022ರ ಡಿಸೆಂಬರ್. ಮಾನ್ಯತಾ ಟೆಕ್ ಪಾರ್ಕ್ ಹತ್ತಿರ ಗಂಡ ಹೆಂಡತಿ ಹುಟ್ಟುಹಬ್ಬದ ಊಟ ಮುಗಿಸಿ ಮಧ್ಯರಾತ್ರಿ ಮನೆಗೆ ನಡೆದು ಬರುತ್ತಿದ್ದರು. ಗಸ್ತಿನ ಪೊಲೀಸರು ತಡೆದರು, ಗುರುತಿನ ಚೀಟಿ ಕೇಳಿದರು, ಫೋನ್ ಇಸಿದುಕೊಂಡರು. ರಾತ್ರಿ 11ರ ಮೇಲೆ ರಸ್ತೆಯಲ್ಲಿ ಓಡಾಡುವಂತಿಲ್ಲ, 3,000 ರೂಪಾಯಿ ದಂಡ ಕಟ್ಟಿ ಅಂದರು. ಬೇಡಿಕೊಂಡ ಮೇಲೆ ಕ್ಯೂಆರ್ ಕೋಡ್ ತೋರಿಸಿ 1,000 ರೂಪಾಯಿ ಹಾಕಿಸಿಕೊಂಡರು. ಅಂಥ ಕಾನೂನು ಎಲ್ಲೂ ಇಲ್ಲ. ದಂಪತಿ ಸುದ್ದಿಯನ್ನು ಸಾರ್ವಜನಿಕವಾಗಿ ಬರೆದಿದ್ದರಿಂದ ಇಬ್ಬರು ಸಿಬ್ಬಂದಿ ಅಮಾನತಾದರು.

ಆ ದಂಪತಿಗೆ ಓದಿತ್ತು, ಬರೆಯಲು ಬರುತ್ತಿತ್ತು, ಪಾವತಿಯ ದಾಖಲೆ ಫೋನಿನಲ್ಲೇ ಇತ್ತು. ಅದೇ ರಸ್ತೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹೋಗುವ ಸೆಕ್ಯುರಿಟಿ ಗಾರ್ಡ್ ನಗದು ಕೊಟ್ಟು ಹೋಗಿದ್ದರೆ ಸುದ್ದಿಯಾಗುತ್ತಿರಲಿಲ್ಲ.

## ಠಾಣೆಯ ಮೆಟ್ಟಿಲು ಹತ್ತಿದ ಮೇಲೆ

ದೂರು ಕೊಡೋಕೆ ಹೋದ್ರೆ "ನಾಳೆ ಬನ್ನಿ" ಅಂತಾರೆ. ಏನ್ ಮಾಡ್ಲಿ ಸಾರ್?

ಅಪರಾಧ ಸಂಜ್ಞೇಯವಾಗಿದ್ದರೆ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದಂಥದ್ದಾಗಿದ್ದರೆ, ಎಫ್‌ಐಆರ್ ದಾಖಲಿಸುವುದು ಕಡ್ಡಾಯ. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಇದನ್ನು ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು. ಜನರ ಬಾಯಲ್ಲಿ ಇದು ಝೀರೋ ಎಫ್‌ಐಆರ್. "ಅದು ಆ ಕಡೆಯ ಸ್ಟೇಷನ್ನಿನದು, ಮೋರಿ ದಾಟಿದರೆ ನಮ್ಮದಲ್ಲ" ಎಂಬ ಮಾತಿಗೆ ಈಗ ಬೆಲೆಯಿಲ್ಲ. ಆನ್‌ಲೈನಿನಲ್ಲೂ ದೂರು ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಮೇಲಧಿಕಾರಿಯ ಅನುಮತಿ ಪಡೆದು, 14 ದಿನದ ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ.

ಕಾನೂನು ಇಷ್ಟು ಸ್ಪಷ್ಟವಾಗಿದೆ. ಠಾಣೆಯಲ್ಲಿ ನಡೆಯುವುದು ಹೀಗೆ: ನಿಮ್ಮ ದೂರನ್ನು ಅರ್ಜಿ ಎಂದು ತೆಗೆದುಕೊಂಡು ಬದಿಗಿಡುತ್ತಾರೆ, ಇಲ್ಲವೇ ಎನ್‌ಸಿಆರ್ (ಸಂಜ್ಞೇಯವಲ್ಲದ ಅಪರಾಧದ ವರದಿ) ಮಾಡಿ ಕಳಿಸುತ್ತಾರೆ. ಎಫ್‌ಐಆರ್ ಸಂಖ್ಯೆ ಏರಿದರೆ ಮೇಲಿನವರು ಮೀಟಿಂಗಿನಲ್ಲಿ ಬೈಯುತ್ತಾರೆ ಎಂಬ ಭಯ ಇದಕ್ಕೆ ಒಂದು ಕಾರಣ. ಆದ್ದರಿಂದ ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದರ ಮೇಲೆ ಠಾಣೆಯ ಮೊಹರು, ತಾರೀಕು ಹಾಕಿಸಿಕೊಳ್ಳಿ. ಆಗುವುದಿಲ್ಲ ಅಂದರೆ "ಹಾಗಾದ್ರೆ ಹಿಂಬರಹ ಕೊಡಿ" ಎಂದು, ಅಂದರೆ ಆಗುವುದಿಲ್ಲ ಎಂಬುದನ್ನೇ ಬರೆದುಕೊಡಿ ಎಂದು ಕೇಳಿ. ಬಾಯಲ್ಲಿ "ಆಗಲ್ಲ" ಅನ್ನುವುದು ಸುಲಭ, ಅದನ್ನೇ ಬರೆದು ಸಹಿ ಹಾಕುವುದು ಕಷ್ಟ. ಎಷ್ಟೋ ಸಲ ಈ ಒಂದು ಮಾತಿಗೇ ಠಾಣೆಯ ರೈಟರ್ (ಬರವಣಿಗೆ ನೋಡಿಕೊಳ್ಳುವ ಪೊಲೀಸ್) ಕಂಪ್ಯೂಟರ್ ಕಡೆ ತಿರುಗಿದ್ದನ್ನು ನೋಡಿದ್ದೇನೆ. ಆಗಲೂ ಆಗದಿದ್ದರೆ ಡಿಸಿಪಿ ಕಚೇರಿಗೆ ಅಂಚೆಯಲ್ಲಿ ಕಳಿಸಿ, ನಂತರ ಮ್ಯಾಜಿಸ್ಟ್ರೇಟ್ ಬಳಿ ಹೋಗುವ ದಾರಿ ಇದೆ. ಅಂಚೆಯ ರಸೀದಿ ಜೋಪಾನ.

"ಸ್ಟೇಷನ್‌ಗೆ ಬಾ" ಅಂತ ಫೋನ್ ಬಂದಿದೆ. ಹೋಗಲೇಬೇಕಾ?

ಬರೀ ಫೋನ್ ಬಂದರೆ ಲಿಖಿತ ನೋಟಿಸ್ ಕೇಳುವ ಹಕ್ಕು ನಿಮಗಿದೆ. ಸಾಕ್ಷಿಯಾಗಿ ಕರೆದರೆ ಅದೇ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ನೋಟಿಸ್, ಆರೋಪಿ ಎಂಬ ಅನುಮಾನದಿಂದ ಕರೆದರೆ 35(3). ನೋಟಿಸ್ ಬಂದ ಮೇಲೆ ಹೋಗದಿರುವುದು ಜಾಣತನವಲ್ಲ. ಹೋಗಿ ಸಹಕರಿಸಿದವರನ್ನು ಬಂಧಿಸಬೇಕಾದರೆ ಪೊಲೀಸರು ಕಾರಣ ಬರೆದಿಡಬೇಕು. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಅಂಗವಿಕಲರನ್ನು ಸಾಕ್ಷಿಯಾಗಿ ವಿಚಾರಿಸಬೇಕಾದರೆ ಅವರ ಮನೆಗೇ ಬರಬೇಕು.

ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಬಂಧನ ಮಾಮೂಲು ಕ್ರಮವಾಗಬಾರದು ಎಂದು ಅರ್ನೇಶ್ ಕುಮಾರ್ ತೀರ್ಪು 2014ರಲ್ಲಿ ಹೇಳಿದೆ. ಬಂಧಿಸಿದರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. "ಬಂಧಿಸಿಲ್ಲ, ವಿಚಾರಣೆಗೆ ಕೂರಿಸಿಕೊಂಡಿದ್ದೇವೆ" ಎನ್ನುತ್ತ ಎರಡು ದಿನ ಬೆಂಚಿನ ಮೇಲೆ ಕೂರಿಸುವುದು ಈ ಲೆಕ್ಕ ತಪ್ಪಿಸುವ ಹಳೆಯ ಉಪಾಯ. ಕಾನೂನಿನ ಕಣ್ಣಿನಲ್ಲಿ ಎದ್ದು ಹೋಗಲು ಬಿಡದಿದ್ದರೆ ಅದು ಬಂಧನವೇ.

ಫೋನ್ ಕೊಡು, ಲಾಕ್ ತೆಗಿ ಅಂದ್ರೆ?

ರಸ್ತೆಯಲ್ಲಿ ನಿಲ್ಲಿಸಿ ವಾಟ್ಸ್ಆ್ಯಪ್ ಜಾಲಾಡುವ ಸಾಮಾನ್ಯ ಅಧಿಕಾರ ಯಾವ ಕಾನ್‌ಸ್ಟೆಬಲ್‌ಗೂ ಇಲ್ಲ. ಬೆಂಗಳೂರಿನ ಡ್ರಗ್ಸ್ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ವಿವರವಾದ ಸೂಚನೆ ಕೊಟ್ಟಿತು. ಫೋನ್ ಶೋಧಕ್ಕೆ ಸಾಮಾನ್ಯವಾಗಿ ಕೋರ್ಟಿನ ವಾರಂಟ್ ಬೇಕು, ತುರ್ತಿದ್ದರೆ ಕಾರಣ ಬರೆದಿಡಬೇಕು. ಆದರೆ ಅದೇ ತೀರ್ಪು ಪಾಸ್‌ವರ್ಡ್ ಕೊಡುವುದನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಎಂದು ಒಪ್ಪಲಿಲ್ಲ. ಅಂದರೆ ಕೋರ್ಟ್ ಮೂಲಕ ಬಂದರೆ "ಕೊಡಲ್ಲ" ಎಂಬ ವಾದ ದುರ್ಬಲ. ಫೋನ್ ವಶಪಡಿಸಿಕೊಂಡರೆ ಮಹಜರು, ಅಂದರೆ ವಶಪಡಿಸಿಕೊಂಡದ್ದರ ಲಿಖಿತ ದಾಖಲೆ, ಇಲ್ಲದೆ ಕೊಡಬೇಡಿ.

ಏಟು ಕೊಡದೆ ಕಳ್ಳ ಬಾಯಿ ಬಿಡ್ತಾನಾ?

ಈ ಪ್ರಶ್ನೆ ಕೇಳುವವರು ಪೊಲೀಸರಿಗಿಂತ ಹೆಚ್ಚಾಗಿ ಮನೆಯಲ್ಲಿ ಕಳ್ಳತನವಾದವರು. ಸಂಕಟ ಅರ್ಥವಾಗುತ್ತದೆ. ಆದರೆ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಹೊಡೆತಕ್ಕೆ ಬಾಯಿ ಬಿಡುವುದು ನಿಜ, ಬಿಟ್ಟದ್ದು ನಿಜವೇ ಎಂಬ ಖಾತ್ರಿ ಇಲ್ಲ. ಮನೆಕೆಲಸದವಳನ್ನು ಠಾಣೆಗೆ ಕರೆಸಿ ಹೊಡೆಸಿದ ಮೇಲೆ ಒಡವೆ ಬೀರುವಿನಲ್ಲೇ ಸಿಕ್ಕರೆ ಆ ಏಟನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ?

ನಿಯಮಗಳಿಗೆ ಕೊರತೆಯಿಲ್ಲ. 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಬಂಧಿಸುವವರ ಎದೆ ಮೇಲೆ ಹೆಸರು ಕಾಣಬೇಕು, ಬಂಧನದ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರಿಗೆ ತೋರಿಸಬೇಕು. ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆಯನ್ನು ಅಸಾಂವಿಧಾನಿಕ ಎಂದಿತು. ಆವರೆಗೆ ಬೆಂಗಳೂರು ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು, ಅಂಥ ಹೆಸರು ಹೋದದ್ದೇ ಒಳ್ಳೆಯದಾಯಿತು. 2020ರ ಡಿಸೆಂಬರ್‌ನಲ್ಲಿ ಪ್ರತಿ ಠಾಣೆಗೂ ಧ್ವನಿ ಸಹಿತ ಸಿಸಿಟಿವಿ, 18 ತಿಂಗಳ ದಾಖಲೆ ಉಳಿಸಬೇಕೆಂಬ ಆದೇಶ ಬಂತು. 2025ರ ಸೆಪ್ಟೆಂಬರ್‌ನಲ್ಲಿ, ಠಾಣೆಗಳ ಕ್ಯಾಮೆರಾ ಕೆಲಸ ಮಾಡುತ್ತಿಲ್ಲವೆಂದು ಅದೇ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ಬೇಕಾದ ಹೊತ್ತಿಗೇ ಕ್ಯಾಮೆರಾ ಕೆಡುವ ಚಮತ್ಕಾರಕ್ಕೆ ಹೊಣೆ ಯಾರದೆಂದು ತೀರ್ಮಾನವಾಗುವವರೆಗೆ ಇದು ಹೀಗೇ.

## ಬೀದಿಯಲ್ಲಿ

ಪ್ರತಿಭಟನೆ ಮಾಡೋಕೆ ಫ್ರೀಡಂ ಪಾರ್ಕ್ ಒಂದೇ ಉಳಿದಿದ್ದಾ?

ಹೆಚ್ಚುಕಡಿಮೆ ಹೌದು. ಮೆರವಣಿಗೆಗಳಿಂದ ಸಂಚಾರ ಕಟ್ಟಿಹೋಗುವುದನ್ನು ಕಂಡು 2021ರಲ್ಲಿ ಹೈಕೋರ್ಟ್ ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಂಡಿತು. ಅದರ ಬೆನ್ನಿಗೆ, ಬೆಂಗಳೂರು ನಗರದಲ್ಲಿ ಧರಣಿ, ಪ್ರತಿಭಟನೆಗಳು ಫ್ರೀಡಂ ಪಾರ್ಕಿನಲ್ಲೇ ನಡೆಯಬೇಕು ಎಂಬ ಆದೇಶ ಬಂತು. ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ಳುತ್ತದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಮೆಜೆಸ್ಟಿಕ್ ಸುತ್ತ ಒಂದು ಸಂಜೆ ಸಿಕ್ಕಿಹಾಕಿಕೊಂಡವರಿಗೆ ಅದು ಗೊತ್ತು.

ನನ್ನ ತಕರಾರು ಅಳತೆಗೋಲಿನದು. 2022ರ ಮಾರ್ಚ್‌ನಲ್ಲಿ ಕಾಂಗ್ರೆಸ್ಸಿನ ಮೇಕೆದಾಟು ಪಾದಯಾತ್ರೆ ಊರೊಳಗೆ ಬಂತು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಪ್ರಧಾನಿಯ ರೋಡ್ ಶೋ ಎರಡು ದಿನ ನಡೆಯಿತು. ಆಗಲೂ ರಸ್ತೆ ಬಂದ್ ಆಗಿತ್ತು, ಆಗಲೂ ಆಂಬುಲೆನ್ಸ್‌ಗಳು ಓಡಾಡಬೇಕಿತ್ತು. ಅಂಗನವಾಡಿ ಕಾರ್ಯಕರ್ತೆಯರಿಗೆ, ಪೌರಕಾರ್ಮಿಕರಿಗೆ ಮಾತ್ರ ಗೇಟಿನೊಳಗೆ ಕೂರಿ ಎನ್ನುವುದಾದರೆ ಅದು ಸಂಚಾರದ ನಿಯಮವಲ್ಲ, ಯಾರ ದನಿ ಎಷ್ಟು ದೂರ ಕೇಳಬೇಕೆಂಬ ನಿಯಮ.

ಆ ಜಾಗದ ಚರಿತ್ರೆಯನ್ನೂ ಹೇಳಿಬಿಡುತ್ತೇನೆ. ಫ್ರೀಡಂ ಪಾರ್ಕ್ ಮುಂಚೆ ಸೆಂಟ್ರಲ್ ಜೈಲು. 1975ರ ಜೂನ್ 26ರಂದು ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅಲ್ಲಿದ್ದರು. ನಟಿ ಸ್ನೇಹಲತಾ ರೆಡ್ಡಿ ಅಲ್ಲಿ ತಿಂಗಳುಗಟ್ಟಲೆ ಸೆರೆಯಲ್ಲಿದ್ದು, ಆಸ್ತಮಾದಿಂದ ಜರ್ಜರಿತರಾಗಿ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು.

144 ಹಾಕಿದ್ರೆ ಪ್ರಶ್ನೆ ಮಾಡೋ ಹಾಗೇ ಇಲ್ವಾ?

ಇದೆ, ಬೆಂಗಳೂರಿಗರು ಪ್ರಶ್ನೆ ಮಾಡಿ ಗೆದ್ದೂ ಇದ್ದಾರೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಪ್ರತಿಭಟನೆಗೆ ಮೊದಲು ಅನುಮತಿ ಕೊಟ್ಟಿದ್ದ ಪೊಲೀಸರು, ಇದ್ದಕ್ಕಿದ್ದಂತೆ ಇಡೀ ನಗರಕ್ಕೆ ನಿಷೇಧಾಜ್ಞೆ ಹೊರಡಿಸಿದರು. ಡಿಸೆಂಬರ್ 19ರಂದು ಟೌನ್ ಹಾಲ್ ಬಳಿ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಎಳೆದುಕೊಂಡು ಹೋದ ದೃಶ್ಯ ಎಲ್ಲರೂ ನೋಡಿದ್ದಾರೆ. 2020ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಆದೇಶ ಕಾನೂನಿನ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಎಂದಿತು. ಅಧಿಕಾರಿ ಸ್ವತಃ ಮನಸ್ಸಿಟ್ಟು ಯೋಚಿಸಿ ಕಾರಣ ಬರೆದದ್ದು ಆದೇಶದಲ್ಲಿ ಕಾಣಲಿಲ್ಲ. ಗೆಲುವೇನೋ ಸರಿ, ಆದರೆ ಪ್ರತಿಭಟನೆಯ ದಿನ ಕಳೆದು ಎರಡು ತಿಂಗಳಾಗಿತ್ತು. ಹಳೆಯ 144 ಈಗ ಹೊಸ ಸಂಹಿತೆಯ 163. ಜನ ಇನ್ನೂ 144 ಅಂತಲೇ ಅನ್ನುತ್ತಾರೆ.

ರೌಡಿ ಶೀಟ್ ಒಂದ್ಸಲ ತೆರೆದ್ರೆ ಜೀವನ ಮುಗೀತಾ?

ರೌಡಿ ಶೀಟ್ ಶಿಕ್ಷೆಯಲ್ಲ. ಪೊಲೀಸ್ ಕೈಪಿಡಿಯ ಪ್ರಕಾರ ಇಡುವ ನಿಗಾ ದಾಖಲೆ. ಕೋರ್ಟು ತಪ್ಪಿತಸ್ಥ ಎನ್ನದೆಯೂ ತೆರೆಯಬಹುದು, ಅಪಾಯ ಇರುವುದೇ ಅಲ್ಲಿ. ಹಬ್ಬಕ್ಕೆ, ಚುನಾವಣೆಗೆ ಮೈದಾನದಲ್ಲಿ ಸಾಲಾಗಿ ಕೂರಿಸಿ, ಟಿವಿಯವರ ಮುಂದೆ ಕೂದಲು ಹಿಡಿದು ಬೈಯುವ ರೌಡಿ ಪರೇಡ್‌ಗೆ ಕಾನೂನಿನ ಆಧಾರ ನನಗಂತೂ ಕಂಡಿಲ್ಲ, ಜನರ ಚಪ್ಪಾಳೆ ಮಾತ್ರ ಕಂಡಿದೆ. ನಿಗಾ ಹೆಸರಿನಲ್ಲಿ ರಾತ್ರಿ ಮನೆ ಬಾಗಿಲು ಬಡಿಯುವುದು ತಪ್ಪೆಂದು ಸುಪ್ರೀಂ ಕೋರ್ಟ್ 1962ರ ಖರಕ್ ಸಿಂಗ್ ಪ್ರಕರಣದಲ್ಲೇ ಹೇಳಿದೆ. ಶೀಟ್ ಮುಚ್ಚಿಸಲು ಡಿಸಿಪಿಗೆ ಮನವಿ ಕೊಡಬಹುದು, ತಿರಸ್ಕರಿಸಿದರೆ ಹೈಕೋರ್ಟಿಗೆ ಹೋಗಬಹುದು.

ಎಲ್ಲ ಕಡೆ ಕ್ಯಾಮೆರಾ ಹಾಕಿದ್ದಾರೆ. ಒಳ್ಳೇದೇ ಅಲ್ವಾ? ಹೆಣ್ಮಕ್ಕಳಿಗೆ ಧೈರ್ಯ.

ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ನಗರದಲ್ಲಿ 7,000ಕ್ಕೂ ಹೆಚ್ಚು ಕ್ಯಾಮೆರಾ ಬಂದಿವೆ, ಮುಖ ಗುರುತಿಸುವ ತಂತ್ರಾಂಶವೂ ಇದೆ. ಸರ ಕಿತ್ತವನು ಸಿಕ್ಕರೆ ಸಂತೋಷವೇ. ಮುಖದ ಚಿತ್ರ ಎಷ್ಟು ದಿನ ಇರುತ್ತದೆ, ಯಾರು ನೋಡಿದರು ಎಂಬುದರ ಲೆಕ್ಕ ಎಲ್ಲಿದೆ ಎಂಬುದು ನನ್ನ ಪ್ರಶ್ನೆ. 2023ರ ದತ್ತಾಂಶ ರಕ್ಷಣಾ ಕಾಯ್ದೆ, ಸರ್ಕಾರ ಅಧಿಸೂಚಿಸಿದ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ದಾರಿ ಇಟ್ಟುಕೊಂಡಿದೆ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಪ್ರಕರಣ ನಮ್ಮ ಊರಿನದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ 86ನೇ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದ್ದರು. ಅವರ ವಾದ ಯಾವ ಪಕ್ಷದ ಕಡೆಯೂ ಇರಲಿಲ್ಲ. ಅರ್ಜಿ ಹಾಕಿದಾಗ ದೆಹಲಿಯಲ್ಲಿದ್ದದ್ದು ಒಂದು ಪಕ್ಷ, ತೀರ್ಪು ಬಂದಾಗ ಇನ್ನೊಂದು. ಎರಡೂ ಸರ್ಕಾರಗಳ ಕಡೆಯಿಂದ ಅರ್ಜಿಗೆ ವಿರೋಧವೇ ಬಂತು.

## ಸುಧಾರಣೆ ಎಲ್ಲಿ ನಿಂತಿದೆ

ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತ್ತಲ್ಲ, ಆಮೇಲೇನಾಯ್ತು?

ಹಿಂದಕ್ಕೆ ಹೋಗಬೇಕು. ತುರ್ತು ಪರಿಸ್ಥಿತಿಯಲ್ಲಿ ಪೊಲೀಸರು ಆಳುವವರ ಕೈಗೊಂಬೆಯಾದದ್ದನ್ನು ಕಂಡು 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ರಚನೆಯಾಯಿತು. ಧರ್ಮವೀರ ಅಧ್ಯಕ್ಷರು, 1981ರ ಹೊತ್ತಿಗೆ ಎಂಟು ವರದಿ. ಎಲ್ಲ ಕಪಾಟು ಸೇರಿದವು. ನಿವೃತ್ತ ಡಿಜಿಪಿ ಪ್ರಕಾಶ್ ಸಿಂಗ್ 1996ರಲ್ಲಿ ಕೋರ್ಟಿಗೆ ಹೋದರು, 2006ರ ಸೆಪ್ಟೆಂಬರ್ 22ರಂದು ಏಳು ನಿರ್ದೇಶನ ಬಂದವು. ರಾಜ್ಯ ಭದ್ರತಾ ಆಯೋಗ, ಡಿಜಿಪಿಗೆ ಎರಡು ವರ್ಷದ ಖಚಿತ ಅವಧಿ, ಠಾಣಾಧಿಕಾರಿಯಿಂದ ಐಜಿವರೆಗೂ ಎರಡು ವರ್ಷ, ತನಿಖೆ ಮತ್ತು ಕಾನೂನು-ಸುವ್ಯವಸ್ಥೆ ಬೇರ್ಪಡೆ, ವರ್ಗಾವಣೆ ನೋಡಿಕೊಳ್ಳಲು ಪೊಲೀಸ್ ಸಿಬ್ಬಂದಿ ಮಂಡಳಿ, ರಾಜ್ಯ ಮತ್ತು ಜಿಲ್ಲೆಗಳಲ್ಲಿ ಪೊಲೀಸ್ ದೂರು ಪ್ರಾಧಿಕಾರ, ಕೇಂದ್ರಕ್ಕೊಂದು ರಾಷ್ಟ್ರೀಯ ಭದ್ರತಾ ಆಯೋಗ.

ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಮಂಡಳಿಯನ್ನೂ ಪ್ರಾಧಿಕಾರವನ್ನೂ ಕಾಗದದ ಮೇಲೆ ತಂದಿತು. ಇನ್ನು ಗೋಡೆಯ ಮೇಲೆ ನೋಡಿ. ಯಾವುದೇ ಠಾಣೆಯ ಇನ್‌ಸ್ಪೆಕ್ಟರ್ ಕೊಠಡಿಗೆ ಹೋದರೆ ಕುರ್ಚಿಯ ಹಿಂದೆ ಒಂದು ಹಲಗೆ ಇರುತ್ತದೆ: ಅಲ್ಲಿ ಕೆಲಸ ಮಾಡಿದವರ ಹೆಸರು, ಎಂದಿನಿಂದ, ಎಂದಿನವರೆಗೆ. ಕಾಯುತ್ತ ಕೂತಾಗ ತಾರೀಕುಗಳನ್ನು ಓದುತ್ತ ಹೋಗಿ. ಎರಡು ವರ್ಷ ಪೂರೈಸಿದವರನ್ನು ಹುಡುಕಬೇಕಾಗುತ್ತದೆ. ಸರ್ಕಾರ ಬದಲಾದ ತಿಂಗಳು, ಚುನಾವಣೆ ಬಂದ ತಿಂಗಳು ಆ ಹಲಗೆಯಲ್ಲೇ ಕಾಣುತ್ತವೆ.

ಶಾಸಕರ ಶಿಫಾರಸು ಪತ್ರವಿಲ್ಲದೆ ಒಳ್ಳೆಯ ಠಾಣೆ ಸಿಗದು ಎಂದು ಇಲಾಖೆಯವರೇ ಹೇಳುತ್ತಾರೆ. ಮೂರೂ ಪಕ್ಷಗಳ ಕಾಲದಲ್ಲೂ ಹೇಳಿದ್ದಾರೆ. ಹಾಗೆ ಬಂದ ಇನ್‌ಸ್ಪೆಕ್ಟರ್ ನಿಮ್ಮ ಜಾಗದ ತಕರಾರಿನಲ್ಲಿ ಶಾಸಕರ ಕಡೆಯವರ ವಿರುದ್ಧ ಎಫ್‌ಐಆರ್ ಹಾಕುತ್ತಾನಾ? ಎಲ್ಲ ಬಣದವರ ಎಲ್ಲ ಸ್ವಾತಂತ್ರ್ಯದ ಭಾಷಣಗಳೂ ಈ ಒಂದು ಪತ್ರದ ಮುಂದೆ ಮಂಕಾಗುತ್ತವೆ.

ಹಾಗಾದ್ರೆ ಪೊಲೀಸರಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟುಬಿಡಿ. ಸರಿಹೋಗುತ್ತೆ.

ಪ್ರಶ್ನೆಯಲ್ಲ, ಆದರೂ ಬಹಳ ಸಲ ಬರುವ ಮಾತು. ಯಾರಿಗೂ ಉತ್ತರ ಹೇಳಬೇಕಿಲ್ಲದ ಪೊಲೀಸ್ ಪಡೆ ಶಾಸಕರ ಪೊಲೀಸಿಗಿಂತ ಮೇಲು ಎನ್ನಲು ನನಗೆ ಧೈರ್ಯ ಸಾಲದು. ಪಿಎಸ್‌ಐ (ಸಬ್‌ಇನ್‌ಸ್ಪೆಕ್ಟರ್) ನೇಮಕಾತಿಯ 545 ಹುದ್ದೆಗಳ ಹಗರಣದಲ್ಲಿ 2022ರಲ್ಲಿ ಬಂಧಿತರಾದವರಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೂ ಇದ್ದರು. ಸ್ವಾಯತ್ತತೆ ಮತ್ತು ಹೊಣೆಗಾರಿಕೆ ಒಟ್ಟಿಗೇ ಬರಬೇಕು.

2025ರ ಜೂನ್ 4 ನೆನಪಿಸಿಕೊಳ್ಳಿ. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಮರುದಿನ ಪೊಲೀಸ್ ಕಮಿಷನರ್ ಸೇರಿ ಐವರು ಅಧಿಕಾರಿಗಳ ಅಮಾನತು, ಆಮೇಲೆ ಅಮಾನತು ವಾಪಸ್. ಅಂಥ ದಿನ "ಇಷ್ಟು ಜನಕ್ಕೆ ಬಂದೋಬಸ್ತ್ ಆಗುವುದಿಲ್ಲ" ಎಂದು ಬರೆದು ನಿಲ್ಲುವ ಬಲ ಅಧಿಕಾರಿಗಿರಬೇಕು. ಅದನ್ನು ಮೀರಿ ನಡೆಸಿ ಎಂದವರ ಸಹಿಯೂ ಕಡತದಲ್ಲಿರಬೇಕು.

ಪೊಲೀಸರ ಮೇಲೇ ದೂರು ಇದ್ರೆ ಎಲ್ಲಿಗೆ ಹೋಗೋದು?

ಲಂಚ ಕೇಳಿದರೆ ಲೋಕಾಯುಕ್ತ. 2016ರಲ್ಲಿ ಹುಟ್ಟಿದ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದುಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿದೆ. ಹಲ್ಲೆ, ಅಕ್ರಮ ಬಂಧನಕ್ಕೆ ರಾಜ್ಯ ಮಾನವ ಹಕ್ಕುಗಳ ಆಯೋಗ ಅಥವಾ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ. ಠಾಣೆಯ ಸಿಸಿಟಿವಿ ದಾಖಲೆ ಉಳಿಸಿಡಿ ಎಂದು ಅದೇ ದಿನ ಲಿಖಿತ ಮನವಿ ಕೊಡಿ. ತಡಮಾಡಿದಷ್ಟೂ ಅದು ಸಿಗುವ ಸಂಭವ ಕಡಿಮೆ.

ಕಾನ್‌ಸ್ಟೆಬಲ್‌ಗಳ ಸ್ವಾತಂತ್ರ್ಯದ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಪತ್ರ ಬರೆದವರೊಬ್ಬರು ಕಾನ್‌ಸ್ಟೆಬಲ್ ಹೆಂಡತಿ. ನ್ಯಾಯವಾದ ಪ್ರಶ್ನೆ. ಸಂವಿಧಾನದ 33ನೇ ವಿಧಿ, 1966ರ ಹಕ್ಕು ನಿರ್ಬಂಧ ಕಾಯ್ದೆ ಸೇರಿ ಪೊಲೀಸರಿಗೆ ಸಂಘ ಕಟ್ಟುವ ಹಕ್ಕನ್ನು ಬಹುಪಾಲು ಕಿತ್ತುಕೊಂಡಿವೆ. 2016ರ ಜೂನ್ 4ರಂದು ಸಂಬಳ, ರಜೆಗಾಗಿ, ಸಾಹೇಬರ ಮನೆಕೆಲಸಕ್ಕೆ ಹಚ್ಚುವ ಆರ್ಡರ್ಲಿ ಪದ್ಧತಿ ವಿರುದ್ಧ ಸಾಮೂಹಿಕ ರಜೆಗೆ ಕರೆ ಕೊಟ್ಟಾಗ ಸರ್ಕಾರ ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಎಸ್ಮಾ ತಂದಿತು, ಮುಂದಾಳುವಿನ ಮೇಲೆ ರಾಜದ್ರೋಹದ ಕೇಸು ಹಾಕಿತು. ರಜೆ ಕೇಳಿದ್ದಕ್ಕೆ ರಾಜದ್ರೋಹ! ಆಮೇಲೆ ಪೊಲೀಸರ ಸಂಬಳ ಪರಿಶೀಲಿಸಲು ಔರಾದ್ಕರ್ ಸಮಿತಿ ಬಂತು, ಸಂಬಳ ಸ್ವಲ್ಪ ಏರಿತು.

ಸಾಹೇಬರ ಮನೆಯ ನಾಯಿ ತಿರುಗಾಡಿಸಿ, ಹದಿನಾಲ್ಕು ಗಂಟೆ ಬಂದೋಬಸ್ತ್ ನಿಂತು, ಶೌಚಾಲಯಕ್ಕೂ ಜಾಗವಿಲ್ಲದೆ ಒದ್ದಾಡಿದ ಮನುಷ್ಯನಿಂದ ಸಂಜೆ ನಿಮ್ಮ ಹಕ್ಕುಗಳ ಬಗ್ಗೆ ಸೌಜನ್ಯ ಬಯಸುತ್ತೇವೆ. ಮಾನವ ಹಕ್ಕಿನವರು ಈ ಪ್ರಶ್ನೆಯನ್ನು ತಮ್ಮದೆಂದು ಎತ್ತಿಕೊಳ್ಳದಿರುವುದು ದೊಡ್ಡ ಕೊರತೆ.

## ಜಗಳದ ಪ್ರಶ್ನೆಗಳು

ಎಡ, ಬಲ, ಲಿಬರಲ್. ಇವರಲ್ಲಿ ಯಾರು ನಿಜವಾಗಿ ವ್ಯಕ್ತಿ ಸ್ವಾತಂತ್ರ್ಯದ ಪರ?

ವಿರೋಧ ಪಕ್ಷದಲ್ಲಿ ಕೂತಾಗ ಎಲ್ಲರೂ. ತುರ್ತು ಪರಿಸ್ಥಿತಿ ತಂದದ್ದು ಕಾಂಗ್ರೆಸ್. ಅಂದು ವಿಚಾರಣೆಯಿಲ್ಲದೆ ಬಂಧಿಸಿಡುವ ಮೀಸಾ ಕಾಯ್ದೆಯಡಿ ಬೆಂಗಳೂರಿನಲ್ಲಿ ಜೈಲಿನಲ್ಲಿದ್ದ ಅಡ್ವಾಣಿಯವರೇ ಗೃಹ ಸಚಿವರಾಗಿದ್ದಾಗ 2002ರಲ್ಲಿ ಭಯೋತ್ಪಾದನೆ ತಡೆಯ ಪೋಟಾ ಕಾಯ್ದೆ ಬಂತು. 1967ರ ಯುಎಪಿಎಯನ್ನು (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) 2008ರಲ್ಲಿ ಕಾಂಗ್ರೆಸ್ ಬಿಗಿ ಮಾಡಿತು, 2019ರಲ್ಲಿ ಬಿಜೆಪಿ ಇನ್ನಷ್ಟು. ನಮ್ಮಲ್ಲಿ 2000ದಲ್ಲಿ ಸಂಘಟಿತ ಅಪರಾಧ ತಡೆಯ ಕೋಕಾ ಕಾಯ್ದೆ ತಂದದ್ದು ಕಾಂಗ್ರೆಸ್ ಸರ್ಕಾರ, 2020ರ ಗೋಹತ್ಯೆ ನಿಷೇಧ ಕಾಯ್ದೆಯಲ್ಲಿ ಪಿಎಸ್‌ಐಗೆ ಶೋಧದ ಅಧಿಕಾರ ಕೊಟ್ಟದ್ದು ಬಿಜೆಪಿ ಸರ್ಕಾರ. ಎಡದ ಗೆಳೆಯರು ಇಲ್ಲಿ ಮಾತಾಡುವ ದನಿಯಲ್ಲಿ, ಬಂಗಾಳದಲ್ಲಿ ತಮ್ಮವರೇ ಆಳಿದ ಮೂವತ್ತನಾಲ್ಕು ವರ್ಷದ ಪೊಲೀಸರ ಬಗ್ಗೆ ಮಾತಾಡಿದ್ದು ಕಡಿಮೆ.

ಹಾಗೆಂದು ಎಲ್ಲ ಒಂದೇ ಎನ್ನುವುದೂ ಸೋಮಾರಿತನ. ಬಣಗಳ ನಡುವೆ ನಿಜವಾದ ಭಿನ್ನಾಭಿಪ್ರಾಯ ಇದೆ. ಸರ್ಕಾರ ಆದಷ್ಟು ಚಿಕ್ಕದಿರಲಿ ಎನ್ನುವವರಿಗೆ ಪೊಲೀಸರು ನನ್ನ ಜೇಬಿಗೆ, ಜೂಜಿಗೆ, ತಟ್ಟೆಗೆ ಕೈ ಹಾಕಬಾರದು. ಸಂಪ್ರದಾಯವಾದಿಗೆ ನೆಮ್ಮದಿಯಿಲ್ಲದ ಬೀದಿಯಲ್ಲಿ ಸ್ವಾತಂತ್ರ್ಯವೇ ಇಲ್ಲ. ದಲಿತ ಚಳವಳಿಯವರ ಮಾತು ಇಬ್ಬರಿಗೂ ಇರುಸುಮುರುಸು: ಪೊಲೀಸರು ದೂರ ಸರಿದರೆ ಊರ ಗೌಡನ ಕೈಗೆ ಬಿಡುತ್ತೀರಿ, ಹತ್ತಿರ ಬಂದರೆ ನಮ್ಮನ್ನೇ ಒಳಗೆ ಹಾಕುತ್ತೀರಿ. ದೌರ್ಜನ್ಯ ತಡೆ ಕಾಯ್ದೆಗೆ ಪೊಲೀಸ್ ಬೇಕೇ ಬೇಕು. ನನಗೆ ಈ ಮೂರನೆಯ ವಾದ ಹೆಚ್ಚು ನಿಜವೆನಿಸುತ್ತದೆ, ಯಾಕೆಂದರೆ ಅದು ಪೊಲೀಸರನ್ನು ದೇವರೂ ಮಾಡುವುದಿಲ್ಲ, ದೆವ್ವವೂ ಮಾಡುವುದಿಲ್ಲ.

ಆನ್‌ಲೈನ್ ರಮ್ಮಿ ಆಡಿ ಮನೆ ಹಾಳಾಗ್ತಿದೆ. ಅದನ್ನೂ ಸ್ವಾತಂತ್ರ್ಯ ಅಂತೀರಾ?

2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೇ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಲಾಯಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಕೌಶಲದ ಆಟವನ್ನೂ ಜೂಜಿನ ಸಾಲಿಗೆ ಸೇರಿಸುವಂತಿಲ್ಲ ಎಂಬುದು ಮುಖ್ಯ ಕಾರಣ. 2025ರಲ್ಲಿ ಸಂಸತ್ತೇ ಹಣದಾಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಸಾಲ ತೀರಿಸಲಾಗದೆ ಜೀವ ಕಳೆದುಕೊಂಡವರ ಮನೆಯವರ ಮುಂದೆ ಸ್ವಾತಂತ್ರ್ಯದ ಉಪನ್ಯಾಸ ಮಾಡಲಾರೆ. ಕಂಪನಿಯನ್ನು ಹಿಡಿಯುವ ಕಾನೂನು ಇರಲಿ. ಆಡುವ ಹುಡುಗನ ಫೋನಿಗೆ ಕಾನ್‌ಸ್ಟೆಬಲ್ ಕೈ ಹಾಕುವ ಕಾನೂನು ಬೇಡ, ಅಲ್ಲಿ ಹುಟ್ಟುವುದು ವಸೂಲಿ.

ಸಮಾಜದ ನೆಮ್ಮದಿ ದೊಡ್ಡದಾ, ಒಬ್ಬನ ಸ್ವಾತಂತ್ರ್ಯ ದೊಡ್ಡದಾ?

1949ರ ಸೆಪ್ಟೆಂಬರ್‌ನಲ್ಲಿ ಸಂವಿಧಾನ ಸಭೆ ಇದೇ ಪ್ರಶ್ನೆಯ ಮುಂದೆ ಕೂತಿತ್ತು. ಬಂಧನ ಹೇಗಿರಬೇಕು ಎಂಬುದನ್ನು ಶಾಸಕಾಂಗದ ಮರ್ಜಿಗೆ ಬಿಟ್ಟದ್ದಕ್ಕೆ ಟೀಕೆ ಬಂದಾಗ, ಕೆಲವು ರಕ್ಷಣೆಗಳನ್ನಾದರೂ ಸಂವಿಧಾನದಲ್ಲೇ ಬರೆಯೋಣವೆಂದು ಅಂಬೇಡ್ಕರ್ ಹೊಸ ವಿಧಿಯೊಂದನ್ನು ತಂದರು. ಅದೇ ಇಂದಿನ 22. ಅದರ ಮೊದಲ ಅರ್ಧದಲ್ಲಿ 24 ಗಂಟೆಯ ನಿಯಮ, ವಕೀಲರ ಹಕ್ಕು. ಎರಡನೇ ಅರ್ಧದಲ್ಲಿ, ಅಪರಾಧ ಮಾಡುವ ಮುನ್ನವೇ ಹಿಡಿದಿಡುವ ಮುಂಜಾಗ್ರತಾ ಬಂಧನಕ್ಕೆ ಅವಕಾಶ. ಒಂದೇ ವಿಧಿಯಲ್ಲಿ ಎರಡೂ ಇವೆ.

ಕರ್ನಾಟಕದ 1985ರ ಗೂಂಡಾ ಕಾಯ್ದೆ ಆ ಎರಡನೇ ಅರ್ಧದ ಕೂಸು. ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಅದನ್ನು ಬೆಂಬಲಿಸುವವರಿಗೆ ನಾನು ಕೇಳುವುದಿಷ್ಟು: ನಿಮಗೆ ಕಂಡರಾಗದ ಪಕ್ಷ ಬಂದಾಗಲೂ ಇದೇ ಕಾಯ್ದೆ, ಇದೇ ಸಹಿ ಇರುತ್ತದೆ. ಆಗಲೂ ಬೇಕೇ? ಹೌದು ಎಂದವರೊಂದಿಗೆ ವಾದ ಮುಂದುವರಿಸಬಹುದು. ಬಹಳಷ್ಟು ಜನ ಅಲ್ಲಿ ಮಾತು ಬದಲಿಸುತ್ತಾರೆ.

ಒಂದೇ ಒಂದು ಬದಲಾವಣೆ ಮಾಡೋ ಅಧಿಕಾರ ಕೊಟ್ರೆ ಏನ್ ಮಾಡ್ತೀರಿ?

ಎರಡು ವರ್ಷ ತುಂಬುವ ಮುನ್ನ ಯಾವ ಇನ್‌ಸ್ಪೆಕ್ಟರನ್ನು ಎತ್ತಿದರೂ ಅದರ ಕಾರಣ, ಶಿಫಾರಸು ಮಾಡಿದವರ ಹೆಸರು ಅದೇ ದಿನ ಇಲಾಖೆಯ ಜಾಲತಾಣದಲ್ಲಿ ಬರಬೇಕು. "ಆಡಳಿತಾತ್ಮಕ ಕಾರಣ" ಎಂಬ ಎರಡು ಪದ ಸಾಲದು. ಎಲ್ಲರೂ ತಪ್ಪಿಸಿಕೊಳ್ಳಲು ನೋಡುತ್ತಾರೆ ಎಂಬುದು ಗೊತ್ತು. ಶಿಫಾರಸು ಬಾಯಿಮಾತಿಗೆ ಇಳಿಯುತ್ತದೆ, ಪತ್ರ ಮಾಯವಾಗುತ್ತದೆ. ಆದರೂ ಪಕ್ಷಗಳ ಸಿದ್ಧಾಂತ ಬದಲಾಗುವುದನ್ನು ಕಾಯುವುದಕ್ಕಿಂತ ಇದು ಬೇಗ. ಹೊಸ ಕಾನೂನೂ ಬೇಕಿಲ್ಲ, ಗೃಹ ಇಲಾಖೆಯ ಒಂದು ಸುತ್ತೋಲೆ ಸಾಕು. ಕಾಯುವ ತಾಳ್ಮೆ ಇಲ್ಲದವರು ತಮ್ಮ ಠಾಣೆಯಲ್ಲಿ ಹತ್ತು ವರ್ಷದಲ್ಲಿ ಎಷ್ಟು ಇನ್‌ಸ್ಪೆಕ್ಟರ್ ಬಂದು ಹೋದರು ಎಂದು ಮಾಹಿತಿ ಹಕ್ಕಿನಲ್ಲಿ ಇವತ್ತೇ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.